ಸಾರ್ವಜನಿಕ ಆಡಳಿತ, ನಗರ ಅಧ್ಯಯನ ಸ್ನಾತಕೋತ್ತರ ಪ್ರವೇಶ: ಮಂಗಳೂರು–ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿಯ ಕೊನೆಯ ವರ್ಷದಲ್ಲಿರುವವರಿಗೂ ಕೆಲಸದಲ್ಲಿದ್ದು ಮತ್ತೆ ಓದಬೇಕೆಂದಿರುವವರಿಗೂ ಈ ಪುಟ. ಶುಲ್ಕ, ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತವೆ. ಅವನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ನಂಬಬೇಡಿ.

ಎಂ.ಎ. ಸಾರ್ವಜನಿಕ ಆಡಳಿತ, ಎಂಪಿಪಿ, ನಗರ ಅಧ್ಯಯನ, ಎಂ.ಪ್ಲಾನ್: ಇವೆಲ್ಲ ಒಂದೇನಾ?

ಅಲ್ಲ. ತುಂಬೆಯ ನೀರನ್ನೇ ತೆಗೆದುಕೊಳ್ಳಿ. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ಬೇಸಗೆಯಲ್ಲಿ ಮಟ್ಟ ಇಳಿದರೆ ರೇಷನಿಂಗ್ ಶುರು. ಸಾರ್ವಜನಿಕ ಆಡಳಿತ ಓದುವವರು ಕೇಳುವುದು, ಈ ತೀರ್ಮಾನ ಯಾರದು? ಪಾಲಿಕೆಯದೋ, ಜಿಲ್ಲಾಧಿಕಾರಿಯದೋ, ಯಾವ ಕಾಯ್ದೆಯ ಯಾವ ಅಧಿಕಾರದಿಂದ? ಸಾರ್ವಜನಿಕ ನೀತಿ, ಅಂದರೆ ಎಂಪಿಪಿ ಓದುವವರು ಮೀಟರು, ದರ, ಸೋರಿಕೆ ಇವನ್ನು ಅಂಕಿಅಂಶ ಮತ್ತು ಅರ್ಥಶಾಸ್ತ್ರದಿಂದ ಅಳೆಯುತ್ತಾರೆ. ನಗರ ಅಧ್ಯಯನದವರ ಪ್ರಶ್ನೆ ಬೇರೆ: ನಲ್ಲಿ ನೀರು ಯಾವ ಬಡಾವಣೆಗೆ ಮೊದಲು ಮುಟ್ಟುತ್ತದೆ, ಟ್ಯಾಂಕರ್ ನಂಬಿ ಬದುಕುವವರು ಯಾರು, ಊರು ಸುರತ್ಕಲ್ ಕಡೆಗೂ ದೇರಳಕಟ್ಟೆ ಕಡೆಗೂ ಹಬ್ಬಿದ್ದು ಹೇಗೆ? ಎಂ.ಪ್ಲಾನ್, ಅಂದರೆ ನಗರ ಯೋಜನೆಯ ಸ್ನಾತಕೋತ್ತರ, ಮಾಡಿದವರು ಕೊನೆಗೆ ನಕ್ಷೆ ಎಳೆಯಬೇಕು: ಭೂಬಳಕೆ, ರಸ್ತೆ ಅಗಲ, ಕೊಳವೆ ಜಾಲ, ಮಾಸ್ಟರ್ ಪ್ಲಾನ್.

ಇದರಲ್ಲಿ ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ತಿಳಿದರೆ ಕೋರ್ಸ್ ಆರಿಸುವುದು ಸುಲಭ. ಹೆಸರು ನೋಡಿ ಸೇರುವುದು ಬೇಡ. ಒಂದೇ ಹೆಸರಿನ ಎರಡು ಕೋರ್ಸ್‌ಗಳಲ್ಲಿ ಒಂದು ಪೂರ್ತಿ ಸಿದ್ಧಾಂತವಾಗಿರುತ್ತದೆ, ಇನ್ನೊಂದರಲ್ಲಿ ಅರ್ಧಕ್ಕರ್ಧ ಕ್ಷೇತ್ರಕಾರ್ಯ ಇರುತ್ತದೆ. ಸೆಮಿಸ್ಟರ್‌ವಾರು ಪತ್ರಿಕೆಗಳ ಪಟ್ಟಿ ತೆಗೆದು, ಅಂಕಿಅಂಶ ಎಷ್ಟು, ಕ್ಷೇತ್ರಕಾರ್ಯ ಎಷ್ಟು, ಪ್ರಬಂಧ ಕಡ್ಡಾಯವೇ ಎಂದು ನೋಡಿ.

ಬಿ.ಕಾಂ. ಆದವರು ಅರ್ಜಿ ಹಾಕಬಹುದಾ? ಬಿ.ಇ.?

ಹಾಕಬಹುದು. ಆಡಳಿತ, ನೀತಿ, ನಗರ ಅಧ್ಯಯನ ಮೂರಕ್ಕೂ ಹೆಚ್ಚಿನ ಕಡೆ ಯಾವುದೇ ಪದವಿ ಸಾಕು. ಎಂ.ಪ್ಲಾನ್ ಮಾತ್ರ ಬೇರೆ. ಬಿ.ಆರ್ಕ್., ಬಿ.ಪ್ಲಾನ್., ಸಿವಿಲ್ ಬಿ.ಇ. ಆದವರಿಗೆ ನೇರ ದಾರಿ. ಬಿ.ಎ. ಆದವರು ಮೊದಲು ಭೂಗೋಳ, ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದರೆ ಹಲವು ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ದಿಲ್ಲಿ, ಭೋಪಾಲ್, ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಗೇಟ್ (ಎಂಜಿನಿಯರಿಂಗ್, ವಾಸ್ತುಶಿಲ್ಪದಂಥ ಸ್ನಾತಕೋತ್ತರಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಬೇಕು. ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಮಾತ್ರ ಹಿಂದಿನ ಮಳೆಗಾಲದ ಕೊನೆಗೇ. ಒಮ್ಮೆ ಬಂದ ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ.

ಊರಿನ ಹತ್ತಿರ ಎಲ್ಲಾದರೂ ಉಂಟಾ?

ಹೆಚ್ಚಿನವರಿಗೆ ತಿಳಿಯದ ಒಂದು ಉತ್ತರ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿದೆ. ಅಲ್ಲಿನ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತ ಮತ್ತು ನೀತಿ ಅಧ್ಯಯನಕ್ಕೇ ಪ್ರತ್ಯೇಕ ವಿಭಾಗ ಇದೆ. ಮಂಗಳೂರು ಸೆಂಟ್ರಲ್‌ನಿಂದ ಕಾಞಂಗಾಡ್‌ಗೆ ರೈಲು, ಅಲ್ಲಿಂದ ಬಸ್ಸು. ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಮಲಯಾಳ ಬಾರದಿದ್ದರೂ ಪಾಠಕ್ಕೆ ತೊಂದರೆಯಿಲ್ಲ, ಬೋಧನೆ ಇಂಗ್ಲಿಷಿನಲ್ಲಿ.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಎಂ.ಎ. ಇದೆ. ಆಡಳಿತದ ಪತ್ರಿಕೆಗಳು ಅದರೊಳಗೇ ಬರುತ್ತವೆ. ರೋಶನಿ ನಿಲಯದಲ್ಲಿ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ) ಇದೆ. ವಾರ್ಡ್ ಮಟ್ಟದಲ್ಲಿ, ಜನರ ನಡುವೆ ಕೆಲಸ ಮಾಡುವ ಆಸೆಯಿದ್ದರೆ ಇದನ್ನೂ ಯೋಚಿಸಿ, ಕ್ಷೇತ್ರಕಾರ್ಯದ ಅಭ್ಯಾಸ ಚೆನ್ನಾಗಿ ಆಗುತ್ತದೆ.

ಘಟ್ಟ ಹತ್ತುವುದಾದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಎರಡು ವರ್ಷದ ಎಂಪಿಪಿ (ಅದಕ್ಕೆ ಅವರದ್ದೇ ಎನ್‌ಎಲ್‌ಸ್ಯಾಟ್ ಪರೀಕ್ಷೆ, ಬಹು ಆಯ್ಕೆಯ ಜೊತೆ ಬರೆಯುವ ಭಾಗವೂ ಉಂಟು), ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಎಂ.ಎ. ಇವೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ನಗರ ನೀತಿ ಮತ್ತು ಆಡಳಿತದ ಕೋರ್ಸ್ ಇದೆ. ದಿಲ್ಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ನಗರ ಅಧ್ಯಯನದ ಎಂ.ಎ. ಇದೆ.

ಸಿಯುಇಟಿ ಬರೆದರೆ ಸೀಟು ತಾನಾಗಿ ಬರುತ್ತದಾ?

ಇಲ್ಲ, ಪ್ರತಿ ವರ್ಷ ಜನ ಸೋಲುವುದೇ ಇಲ್ಲಿ. ಸ್ನಾತಕೋತ್ತರ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ, ಆದರೆ ಸೀಟು ಕೊಡುವುದು ವಿಶ್ವವಿದ್ಯಾಲಯ. ಪರೀಕ್ಷೆ ಬರೆದ ಮೇಲೆ ಆಯಾ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆಯಾಗಿ ನೋಂದಾಯಿಸಿ, ಅಂಕ ಹಾಕಿ, ಕೋರ್ಸ್ ಆರಿಸಬೇಕು. ಆ ಪೋರ್ಟಲ್ ಕೆಲವೊಮ್ಮೆ ಎರಡೇ ವಾರ ತೆರೆದಿರುತ್ತದೆ. ಒಳ್ಳೆಯ ಅಂಕ ಬಂದೂ ಅರ್ಜಿಯೇ ಹಾಕದೆ ಕೂತವರಿದ್ದಾರೆ.

2025ರ ಮಾದರಿಯಲ್ಲಿ 75 ಪ್ರಶ್ನೆ, 90 ನಿಮಿಷ. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ನೋಂದಣಿ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು, ಪರೀಕ್ಷೆ ಮಾರ್ಚ್‌ನಲ್ಲಿ. ಒಬ್ಬರು ನಾಲ್ಕು ಪತ್ರಿಕೆಗಳವರೆಗೆ ಆರಿಸಬಹುದು. ಯಾವ ಕೋರ್ಸಿಗೆ ಯಾವ ಪತ್ರಿಕೆ ಎಂಬುದನ್ನು ವಿಶ್ವವಿದ್ಯಾಲಯದ ಅರ್ಹತಾ ಪಟ್ಟಿ ನೋಡಿಯೇ ಗುರುತು ಹಾಕಿ. ‘ರಾಜ್ಯಶಾಸ್ತ್ರ ಇದ್ದರೆ ನಡೆದೀತು’ ಎಂದು ಊಹಿಸಿದರೆ, ಆಮೇಲೆ ಬದಲಿಸಲಿಕ್ಕೆ ಆಗುವುದಿಲ್ಲ. ಟಾಟಾ ಸಂಸ್ಥೆಯೂ ಈಗ ಸಿಯುಇಟಿ ಅಂಕವನ್ನೇ ತೆಗೆದುಕೊಳ್ಳುತ್ತದೆ, ಅದರ ಮೇಲೆ ತನ್ನದೇ ಎರಡನೇ ಹಂತ ಇಟ್ಟಿದೆ.

ಕೆಲಸ ಬಿಡಲಿಕ್ಕಾಗುವುದಿಲ್ಲ. ದೂರಶಿಕ್ಷಣದ ಎಂ.ಎ.ಗೆ ಬೆಲೆ ಉಂಟಾ?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇದ್ದರೆ ಉಂಟು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆಡಳಿತ ಎಂ.ಎ. ಇದೆ, ಮಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲೂ ಈ ಎಂ.ಎ. ಇದೆ. ಅಲ್ಲಿ ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷ ಅವಧಿ. ಜನವರಿ ಮತ್ತು ಜುಲೈಯಲ್ಲಿ ಪ್ರವೇಶ.

ಈಗ ದೂರಶಿಕ್ಷಣ ಸೇರಬೇಕಾದರೆ ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್ ಕೂಡಿಡುವ ಖಾತೆಯ ಸಂಖ್ಯೆ), ಆಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ಡೆಬ್ ಐಡಿ ಮಾಡಿಸಬೇಕು. ಆಧಾರ್‌ನಲ್ಲಿರುವ ಹೆಸರು ಮತ್ತು ಜನ್ಮದಿನಾಂಕ ಅಂಕಪಟ್ಟಿಯದ್ದಕ್ಕೆ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕೊನೆಯ ದಿನ ಸೈಬರ್ ಸೆಂಟರ್‌ನಲ್ಲಿ ಕೂತು ಆಧಾರ್ ತಿದ್ದಲಿಕ್ಕೆ ಆಗುವುದಿಲ್ಲ.

ಇಗ್ನೋದಲ್ಲಿ ಜನ ಹಿಂದೆ ಬೀಳುವುದು ಅಸೈನ್‌ಮೆಂಟ್‌ನಲ್ಲಿ. ಅದಕ್ಕೆ 30 ಶೇಕಡಾ ತೂಕ, ಪರೀಕ್ಷೆಗೆ 70. ಪರೀಕ್ಷೆ ಪಾಸಾಗಿಯೂ ಅಸೈನ್‌ಮೆಂಟ್ ಕೊಡದವರ ಪತ್ರಿಕೆ ಅಪೂರ್ಣ ಅಂತಲೇ ಉಳಿಯುತ್ತದೆ. ಕೊಟ್ಟ ರಸೀದಿ ಇಟ್ಟುಕೊಳ್ಳಿ. ಉಪನ್ಯಾಸಕರಾಗುವ ಯೋಚನೆ ಇರುವವರು ಇನ್ನೊಂದು ಗಮನಿಸಬೇಕು. ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲಿ ಸಾರ್ವಜನಿಕ ಆಡಳಿತ ಪ್ರತ್ಯೇಕ ವಿಷಯ. ಆದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಹುದ್ದೆ ಇರುವುದು ಬಹುತೇಕ ರಾಜ್ಯಶಾಸ್ತ್ರಕ್ಕೆ. ಅಧಿಸೂಚನೆಯಲ್ಲಿ ‘ಸಂಬಂಧಿತ ವಿಷಯ’ ಅಂದರೆ ಯಾವುದೆಲ್ಲ ಎಂದು ಓದಿಯೇ ಮುಂದುವರಿಯಿರಿ.

ಮೂರು ವರ್ಷದ ಪದವಿ ಇಟ್ಟುಕೊಂಡು ವಿದೇಶಕ್ಕೆ ಹಾಕಬಹುದಾ?

ಬ್ರಿಟನ್ನಿಗೆ ಹಾಕಬಹುದು, ಯುರೋಪಿನ ಹಲವು ಕಡೆಗೂ ಹಾಕಬಹುದು. ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ನಿಯಮ: ಕೆಲವು ನಾಲ್ಕು ವರ್ಷ ಕೇಳುತ್ತವೆ, ಕೆಲವು ಹೊರಗಿನ ಸಂಸ್ಥೆಯಿಂದ ಪದವಿಯ ಮೌಲ್ಯಮಾಪನ ಮಾಡಿಸಿ ತರಲು ಹೇಳುತ್ತವೆ. ಶುಲ್ಕ ಕಟ್ಟುವ ಮೊದಲೇ ಪ್ರವೇಶ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಪ್ರಕಾರ ನಾಲ್ಕನೇ ವರ್ಷದ ಆನರ್ಸ್ ಇತ್ತು, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಬಂತು. ಹಾಗಾಗಿ ಒಂದೇ ಕಾಲೇಜಿನ ಅಕ್ಕ ತಮ್ಮನ ಅಂಕಪಟ್ಟಿ ಎರಡು ಥರ ಇರಬಹುದು. ಆನರ್ಸ್ ಮುಗಿಸಿದವರಿಗೆ ದೇಶದೊಳಗೆ ಒಂದು ವರ್ಷದ ಸ್ನಾತಕೋತ್ತರಕ್ಕೆ ಯುಜಿಸಿ ಚೌಕಟ್ಟು ಅವಕಾಶ ಕೊಡುತ್ತದೆ. ವಿಶ್ವವಿದ್ಯಾಲಯ ಅದನ್ನು ಜಾರಿಗೆ ತಂದಿದೆಯೇ ಎಂದು ಕೇಳಿಕೊಳ್ಳಿ. ಜರ್ಮನಿಗೆ ಹೋಗುವವರು ಎಪಿಎಸ್ ಪ್ರಮಾಣಪತ್ರ (ನಿಮ್ಮ ಶೈಕ್ಷಣಿಕ ದಾಖಲೆಗಳು ಅಸಲಿ ಎಂಬ ದೃಢೀಕರಣ) ಮಾಡಿಸಲೇಬೇಕು. 2022ರ ನವೆಂಬರ್‌ನಿಂದ ಅದು ಕಡ್ಡಾಯ.

ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು. ತೊಂದರೆಯಾ?

ನಮ್ಮ ಜಿಲ್ಲೆಗಳಲ್ಲಿ ಇದು ಮನೆಮನೆಯ ಸಮಸ್ಯೆ. ಶಾಲೆಯಲ್ಲಿ ‘ಪ್ರತಿಮಾ ಕೆ.’, ಆಧಾರ್‌ನಲ್ಲಿ ‘ಪ್ರತಿಮಾ’, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಸೇರಿ ಇನ್ನೊಂದು. ಅರ್ಜಿಯನ್ನು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ತುಂಬಿಸಿ. ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ), ಜಿಆರ್‌ಇ (ಸ್ನಾತಕೋತ್ತರ ಸಾಮರ್ಥ್ಯ ಪರೀಕ್ಷೆ) ನೋಂದಣಿಗೂ ಅದೇ ಹೆಸರು. ಅಂಕಪಟ್ಟಿಯ ವ್ಯತ್ಯಾಸಕ್ಕೆ ‘ಎರಡೂ ಹೆಸರಿನ ವ್ಯಕ್ತಿ ಒಬ್ಬರೇ’ ಎಂಬ ಅಫಿಡವಿಟ್ ಅನ್ನು ನೋಟರಿಯವರಲ್ಲಿ ಮಾಡಿಸಿ ಜೊತೆಗಿಡಿ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಬ್ಯಾಂಕ್ ಖಾತೆಯಿಂದ ಹಿಡಿದು ಲೈಬ್ರರಿ ಕಾರ್ಡಿನವರೆಗೆ ಎಲ್ಲ ಕಡೆ ಅದೇ ಹಿಂಬಾಲಿಸುತ್ತದೆ. ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸುವುದು ಕಡಿಮೆ ಖರ್ಚಿನ ಕೆಲಸ.

ಟ್ರಾನ್ಸ್‌ಕ್ರಿಪ್ಟ್ ಅಂದರೆ ಅಂಕಪಟ್ಟಿಯ ಜೆರಾಕ್ಸ್ ಅಲ್ಲವಾ?

ಅಲ್ಲ. ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯವೇ ಕೊಡುವ ದಾಖಲೆ ಅದು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಲಿತವರು ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಅರ್ಜಿ ಹಾಕಬೇಕು. ಸ್ವಾಯತ್ತ ಕಾಲೇಜಿನವರು ಮೊದಲು ತಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಹಿಂದೆ ಫೇಲಾಗಿ ಆಮೇಲೆ ಪಾಸಾದ ಪತ್ರಿಕೆ ಇದ್ದರೆ ಆ ಅಂಕಪಟ್ಟಿಯೂ ಸೇರಬೇಕು. ಒಂದು ಹಾಳೆ ಕಮ್ಮಿಯಾದರೆ ಕಡತ ಅಲ್ಲೇ ಕೂರುತ್ತದೆ.

ಕೊನೆಯ ಸೆಮಿಸ್ಟರ್ ಫಲಿತಾಂಶ ಬಾರದವರು ಅಲ್ಲಿಯವರೆಗಿನ ಅಂಕಗಳಿಂದಲೇ ಅರ್ಜಿ ಹಾಕಬಹುದು; ಹಂಗಾಮಿ ಪದವಿ ಪ್ರಮಾಣಪತ್ರ ಆಮೇಲೆ ಕೊಟ್ಟರೆ ಆಗುತ್ತದೆ. ಶೇಕಡಾವಾರನ್ನು ನೀವೇ 4 ಅಂಕದ ಜಿಪಿಎಗೆ ಬದಲಿಸಲು ಹೋಗಬೇಡಿ. ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ಹಾಕಿ.

ಎಸ್‌ಒಪಿ ಹೇಗೆ ಬರೆಯುವುದು?

ಎಸ್‌ಒಪಿ ಅಂದರೆ ಈ ಕೋರ್ಸ್ ಯಾಕೆ ಓದಬೇಕೆಂದಿದ್ದೀರಿ ಎಂದು ನೀವೇ ಬರೆಯುವ ಪತ್ರ. ಅರ್ಜಿಯಲ್ಲಿ ಪೂರ್ತಿ ನಿಮ್ಮ ಕೈಯಲ್ಲಿರುವ ಭಾಗ ಇದೊಂದೇ. ಸಾಮಾನ್ಯವಾಗಿ 500ರಿಂದ 1000 ಪದ ಕೇಳುತ್ತಾರೆ.

‘ಬಾಲ್ಯದಿಂದಲೂ ಸಮಾಜಸೇವೆಯಲ್ಲಿ ಆಸಕ್ತಿ’ ಎಂದು ಶುರುವಾದ ಪತ್ರ ರಾಶಿಯಲ್ಲಿ ಕಳೆದುಹೋಗುತ್ತದೆ. ‘ಕಸದ ಸಮಸ್ಯೆ ಪರಿಹರಿಸಬೇಕು’ ಅಂದರೂ ಸಾಲದು. ಇದನ್ನೇ ಬಿಡಿಸಿ ನೋಡಿ. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆ ಬಂತು. 2016ರ ಘನತ್ಯಾಜ್ಯ ನಿಯಮ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು ಎಂದಿತ್ತು. ಹಾಗಿದ್ದೂ ಹಸಿ ಕಸ ಗುಡ್ಡ ಸೇರಿದ್ದು ಯಾವ ಹಂತದಲ್ಲಿ? ಮನೆಯಲ್ಲೋ, ಗಾಡಿಯಲ್ಲೋ, ಗುತ್ತಿಗೆಯ ಷರತ್ತಿನಲ್ಲೋ? ತೂಕಕ್ಕೆ ಹಣ ಸಿಗುವ ಗುತ್ತಿಗೆಯಾದರೆ ಬೇರ್ಪಡಿಸುವುದರಿಂದ ಗುತ್ತಿಗೆದಾರನಿಗೆ ಏನು ಲಾಭ? ಇಷ್ಟು ಕೇಳಿದ ಅಭ್ಯರ್ಥಿ ಒಂದು ಸಂಶೋಧನಾ ಪ್ರಶ್ನೆ ಹಿಡಿದು ಬಂದಿದ್ದಾನೆ ಎಂದು ಓದುವವರಿಗೆ ಗೊತ್ತಾಗುತ್ತದೆ. ಉತ್ತರ ಗೊತ್ತಿರಬೇಕಾಗಿಲ್ಲ, ಅದನ್ನು ಹುಡುಕಲಿಕ್ಕೇ ಕೋರ್ಸ್.

ಉಡುಪಿಯವರಿಗೆ ಹೀಗೆ ಕೇಳಲಿಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಇದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಲ್ಲಿ 1999ರಲ್ಲಿ ಮಂಜೂರಾದ ಕರಾವಳಿ ನಗರಗಳ ನೀರು, ಒಳಚರಂಡಿ ಯೋಜನೆ ಇದೆ. ನಗರಸಭೆಗೆ ತಾಗಿದ ಗ್ರಾಮ ಪಂಚಾಯತಿಗಳಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳಿವೆ. 1992ರ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ 18 ವಿಷಯ ಪಟ್ಟಿ ಮಾಡಿತು; ಅದರಲ್ಲಿ ನಗರ ಯೋಜನೆಯೇ ಮೊದಲನೆಯದು. ಹಾಗಿರುವಾಗ ಮಂಗಳೂರಿನ ಮಾಸ್ಟರ್ ಪ್ಲಾನ್ ಚುನಾಯಿತ ಪಾಲಿಕೆಯ ಬದಲು ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರುವುದು ಯಾಕೆ? ಈ ಒಂದು ಪ್ರಶ್ನೆಯಿಂದಲೇ ಒಳ್ಳೆಯ ಎಸ್‌ಒಪಿ ಹುಟ್ಟಬಹುದು.

ಊರಿನ ಕಚೇರಿ ಭಾಷೆಯನ್ನು ಬಿಡಿಸಿ ಬರೆಯಿರಿ. ಮನೆ ಜಾಗಕ್ಕೆ ‘9/11 ಆಗಿದೆ’ ಎಂದು ನಾವು ಹೇಳುವುದು ಪಂಚಾಯತಿಯ ನಮೂನೆ 9 ಮತ್ತು 11ರ ಬಗ್ಗೆ. ಅಮೆರಿಕದ ಆಯ್ಕೆ ಸಮಿತಿಯ ಮುಂದೆ ಹಾಗೇ ಇಟ್ಟರೆ ಅವರು ಬೆಚ್ಚಿಬೀಳುತ್ತಾರೆ.

ಉಳಿದದ್ದು ಸರಳ. ಆ ವಿಭಾಗದ ಯಾವ ಪತ್ರಿಕೆ ನಿಮ್ಮ ಪ್ರಶ್ನೆಗೆ ಸಹಾಯ ಮಾಡುತ್ತದೆ, ನೀವು ಈವರೆಗೆ ಮಾಡಿದ್ದೇನು, ಮುಗಿಸಿ ಎಲ್ಲಿ ಕೆಲಸ ಮಾಡುತ್ತೀರಿ ಎಂದು ಬರೆಯಿರಿ. ಒಂದೇ ಪತ್ರವನ್ನು ಆರು ಕಡೆ ಕಳಿಸಿದರೆ ಯಾವುದೋ ಒಂದರಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಹೆಸರು ಉಳಿದುಬಿಡುತ್ತದೆ. ಎಐಯಿಂದ ಬರೆಸಿದ್ದು ಓದುವವರಿಗೆ ವಾಸನೆ ಹೊಡೆಯುತ್ತದೆ, ಕೆಲವು ಕಡೆ ಅದಕ್ಕೆ ಸ್ಪಷ್ಟ ನಿಷೇಧವೂ ಇದೆ.

ಶಿಫಾರಸು ಪತ್ರ ಶಾಸಕರಿಂದ ತಂದರೆ ತೂಕ ಬರುತ್ತದಾ?

ಬರುವುದಿಲ್ಲ. ನಿಮ್ಮ ಬರವಣಿಗೆ ತಿದ್ದಿದ, ಕ್ಷೇತ್ರಕಾರ್ಯ ನೋಡಿದ ಉಪನ್ಯಾಸಕರ ಪತ್ರವೇ ಮೇಲು. ವಿದೇಶಿ ಅರ್ಜಿಗೆ ಎರಡು ಅಥವಾ ಮೂರು ಬೇಕು. ಪೋರ್ಟಲ್ ನೇರ ಅವರ ಇಮೇಲ್‌ಗೆ ಲಿಂಕ್ ಕಳಿಸುತ್ತದೆ. ಕೆಲವು ಕಡೆ ಜಿಮೇಲ್ ವಿಳಾಸ ಒಪ್ಪುವುದಿಲ್ಲ, ಕಾಲೇಜಿನ ಇಮೇಲ್ ಉಂಟೇ ಎಂದು ಮೊದಲೇ ಕೇಳಿ. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ, ಹಾಗಾಗಿ ಮೊಬೈಲ್ ನಂಬರ್ ಇಟ್ಟುಕೊಳ್ಳಿ. ನಾಲ್ಕು ವಾರ ಮುಂಚೆ ಹೋಗಿ ಅಂಕಪಟ್ಟಿ, ಎಸ್‌ಒಪಿಯ ಕರಡು, ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸದ ಒಂದು ಪುಟದ ಟಿಪ್ಪಣಿ ಕೊಡಿ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದರೆ ಆ ಟಿಪ್ಪಣಿಯನ್ನೇ ಮುಂದಿಟ್ಟು, ಅವರೇ ನಾಲ್ಕು ಸಾಲು ಬರೆಯುವಂತೆ ವಿನಂತಿಸಿ.

ಐಇಎಲ್‌ಟಿಎಸ್, ಜಿಆರ್‌ಇ ಎರಡೂ ಬೇಕಾ?

ಇಂಗ್ಲಿಷ್ ಪರೀಕ್ಷೆ ಬಹುತೇಕ ಬೇಕು, ಐಇಎಲ್‌ಟಿಎಸ್‌ನಲ್ಲಿ 6.5 ಅಥವಾ 7 ಕೇಳುವುದು ರೂಢಿ. ಒಟ್ಟು ಅಂಕ ಬಂದರೂ ರೈಟಿಂಗ್ ಒಂದರಲ್ಲಿ ಅರ್ಧ ಬ್ಯಾಂಡ್ ಕಮ್ಮಿಯಾಗಿ ಸಿಕ್ಕಿಬೀಳುವವರು ಹೆಚ್ಚು. ಅಂಕ 2 ವರ್ಷ ಚಾಲ್ತಿ. ಆಡಳಿತ ಕೋರ್ಸ್‌ಗಳಿಗೆ ಜಿಆರ್‌ಇ ಈಗ ಹಲವು ಕಡೆ ಐಚ್ಛಿಕ. ಪದವಿಯಲ್ಲಿ ಗಣಿತ, ಅಂಕಿಅಂಶ ಇಲ್ಲದವರು ಬರೆದರೆ ಅದು ಅರ್ಜಿಗೆ ಬಲ.

ರಾಜ್ಯದ 2ಎ ಪ್ರಮಾಣಪತ್ರ ಸಿಯುಇಟಿಗೆ ನಡೆಯುತ್ತದಾ?

ನಡೆಯುವುದಿಲ್ಲ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಲ್ಲ ರಾಜ್ಯದ ವಿಂಗಡಣೆ. ಕೇಂದ್ರೀಯ ಸಂಸ್ಥೆಗಳು ನೋಡುವುದು ಕೇಂದ್ರದ ಒಬಿಸಿ ಪಟ್ಟಿ. ನಿಮ್ಮ ಜಾತಿ ಅದರಲ್ಲಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗಲೇ ‘ಕೇಂದ್ರದ ನಮೂನೆ, ಕೆನೆಪದರಕ್ಕೆ ಸೇರದವರು’ ಎಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ಅಭ್ಯಾಸಬಲದಿಂದ ರಾಜ್ಯದ ಜಾತಿ-ಆದಾಯ ಪತ್ರವೇ ಕೈಗೆ ಬರುತ್ತದೆ. ಪ್ರವೇಶದ ವೇಳೆ ಚಾಲ್ತಿ ಹಣಕಾಸು ವರ್ಷದ್ದನ್ನು ಕೇಳುತ್ತಾರೆ. ಮಾರ್ಚ್‌ನಲ್ಲಿ ಮಾಡಿಸಿದ್ದು ಜೂನ್‌ಗೆ ಹಳತಾಗಿರುತ್ತದೆ, ಏಪ್ರಿಲ್ 1ರ ನಂತರ ಮತ್ತೆ ಮಾಡಿಸಿ.

ಹಣ ಎಲ್ಲಿಂದ ತರುವುದು?

ರಾಜ್ಯದೊಳಗೆ ಓದುವವರು ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎಂದೋ ತೆರೆದು ಮರೆತ ಖಾತೆಗೆ ಜೋಡಣೆ ಆಗಿದ್ದರೆ ಹಣವೂ ಅಲ್ಲಿಗೇ ಹೋಗುತ್ತದೆ.

ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಮೂರು ಕೋರ್ಸ್‌ಗಳನ್ನು ಹೆಸರಿಸಬೇಕು, ಮುಗಿದ ಮೇಲೆ ವಾಪಸ್ ಬಂದು ಎರಡು ವರ್ಷ ಭಾರತದಲ್ಲಿರಬೇಕು. ಅರ್ಜಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ನ ವಿಷಯಗಳಲ್ಲಿ ಸಾರ್ವಜನಿಕ ಆಡಳಿತವೂ ನಗರ ಯೋಜನೆಯೂ ಸೇರಿವೆ. ಮೂರು ವರ್ಷದ ಅನುಭವ ಬೇಕು, ಮೂರು ವರ್ಷದ ಪದವಿಯೊಂದೇ ಇದ್ದರೆ ಸಾಲದು. ಯುರೋಪಿನಲ್ಲಿ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳಿವೆ, ಅರ್ಜಿಯ ಕಾಲ ಅಕ್ಟೋಬರ್–ಜನವರಿ.

ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಆದರೆ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಇತಿಹಾಸ, ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ನಗರ ಅಧ್ಯಯನದವರಿಗೆ ಇದು ನೇರ ತಾಗುವ ಹೊಡೆತ. ಆ ವರ್ಷದ ಮಾರ್ಗಸೂಚಿ ಓದಿ, ಕೋರ್ಸಿನ ಹೆಸರು ಮತ್ತು ವಿಷಯ ಅದಕ್ಕೆ ಒಗ್ಗುತ್ತದೆಯೇ ನೋಡಿ. ವಿದೇಶದ ಓದಿಗೆ ನೆರವು ಕೊಡುವ ರಾಜ್ಯದ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ.

ಸಾಲಕ್ಕೆ ಹೋದರೆ ದೊಡ್ಡ ಮೊತ್ತಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುತ್ತದೆ. ಮನೆಯವರು ‘ಎರಡೆಕ್ರೆ ಉಂಟಲ್ಲ’ ಅನ್ನುತ್ತಾರೆ. ಆದರೆ ಅದರಲ್ಲಿ ಅರ್ಧ ಕುಮ್ಕಿಯಾದರೆ ಆ ಭಾಗ ಲೆಕ್ಕಕ್ಕಿಲ್ಲ, ಕುಮ್ಕಿ ಸರ್ಕಾರಿ ಜಾಗ. ಪಾಲಾಗದ ಕುಟುಂಬದ ಆಸ್ತಿಯಾದರೆ ಎಲ್ಲ ಹಕ್ಕುದಾರರ ಸಹಿ ಬೇಕು, ಅವರಲ್ಲಿ ಒಬ್ಬರು ಮುಂಬಯಿಯಲ್ಲಿ, ಒಬ್ಬರು ದುಬೈಯಲ್ಲಿ ಇರುವುದು ಇಲ್ಲಿ ಮಾಮೂಲು. ಕನ್ವರ್ಷನ್ ಆದ ಜಾಗ, ಪಹಣಿ, ಋಣಭಾರ ಪತ್ರ ಇವನ್ನು ಪ್ರವೇಶಪತ್ರ ಬರುವ ಮೊದಲೇ ವಕೀಲರಿಗೆ ತೋರಿಸಿ.

ಐಎಎಸ್‌ಗೆ ಈ ಎಂ.ಎ. ಬೇಕಾ?

ಬೇಡ, ಯಾವುದೇ ಪದವಿ ಸಾಕು. ಸಾರ್ವಜನಿಕ ಆಡಳಿತ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಒಂದು, ಅಷ್ಟೇ. ಪರೀಕ್ಷೆಯ ತಯಾರಿಗೆ ಎರಡು ವರ್ಷ ಸಿಗಲಿ ಎಂದು ಪೂರ್ಣಾವಧಿ ಎಂ.ಎ. ಸೇರಿದರೆ ಕ್ಷೇತ್ರಕಾರ್ಯ, ಪ್ರಬಂಧದ ನಡುವೆ ಎರಡೂ ಅರ್ಧಂಬರ್ಧವಾಗುತ್ತವೆ. ಆ ಉದ್ದೇಶಕ್ಕೆ ದೂರಶಿಕ್ಷಣವೇ ಒಗ್ಗುತ್ತದೆ.

ಒಂದು ಕಡೆ ಫೀಸು ಕಟ್ಟಿದ ಮೇಲೆ ಇನ್ನೊಂದು ಕಡೆ ಸೀಟು ಬಂತು. ಹಣ ವಾಪಸ್ ಸಿಗುತ್ತದಾ?

ಯುಜಿಸಿಯ 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಸಣ್ಣ ಸಂಸ್ಕರಣಾ ಶುಲ್ಕ ಕಳೆಯಬಹುದು. ಅದರೊಳಗಾದರೆ 90 ಶೇಕಡಾ, ಕೊನೆಯ ದಿನ ದಾಟಿ 15 ದಿನದೊಳಗೆ 80, 30 ದಿನದೊಳಗೆ 50, ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇನ್ನೂ ಸಡಿಲ ಸುತ್ತೋಲೆ ಹೊರಡಿಸಿದ್ದುಂಟು, ಅದನ್ನೂ ನೋಡಿ. ಬಿಡುವ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸದೆ ಇಮೇಲ್‌ನಲ್ಲಿ ಕಳಿಸಿ, ದಿನಾಂಕವೇ ಸಾಕ್ಷಿ. ಮೂಲ ಅಂಕಪಟ್ಟಿಗಳನ್ನು ತಡೆಹಿಡಿಯುವ ಅಧಿಕಾರ ಸಂಸ್ಥೆಗಿಲ್ಲ. ಪರಿಶೀಲನೆಗೆ ತೋರಿಸಿ ಅಂದೇ ವಾಪಸ್ ಪಡೆಯಿರಿ, ಅಲ್ಲಿ ಕೊಟ್ಟು ಬರುವುದು ಸ್ವಯಂ ದೃಢೀಕರಿಸಿದ ಪ್ರತಿ ಮಾತ್ರ.